ಥರ್ಮಾಮೀಟರ್ ಇಲ್ಲದ ಬ್ಯಾಕ್ಟೀರಿಯಾಕ್ಕೆ ಬಿಸಿಲು ಏರಿದ್ದು ಹೇಗೆ ಗೊತ್ತಾಗುತ್ತದೆ?

ಮಾನ್ವಿ_ತೊಗರಿ

ತೊಗರಿ ಬೀಜಕ್ಕೆ ಹಚ್ಚಲು ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾದ ಪಾಕೀಟು ತಂದಿದ್ದೇನೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ನೆರಳಲ್ಲಿ ಇಡಿ, ಬಿಸಿಲು ತಾಗಿಸಬೇಡಿ, ಔಷಧದ ಜೊತೆ ಇಡಬೇಡಿ. ಸರಿ, ಇಡೋಣ.

ಆದರೆ ನಮ್ಮ ಎರೆಹೊಲ ಮೇ ತಿಂಗಳಲ್ಲಿ ಹೇಗಿರುತ್ತದೆ ಅಂತ ರಾಯಚೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಬಿರುಕಿನೊಳಗೆ ಮೊಣಕೈವರೆಗೆ ಕೈ ಹೋಗುತ್ತದೆ. ಅದೇ ಹೊಲದಲ್ಲಿ ಏನೂ ಹಚ್ಚದ ಸಾಲಿನ ಗಿಡವನ್ನು ಮಳೆಗಾಲದಲ್ಲಿ ಕಿತ್ತು ನೋಡಿದರೆ ಬೇರಿಗೆ ಗಂಟು ಇರುತ್ತವೆ. ಅಂದರೆ ಹೊಲದಲ್ಲಿದ್ದ ಬ್ಯಾಕ್ಟೀರಿಯಾ ಬೇಸಿಗೆ ದಾಟಿದೆ ಅಂತ ತಾನೇ? ಹಾಗಿದ್ದರೆ ಪಾಕೀಟಿನಲ್ಲಿರುವುದು ಮಾತ್ರ ಒಂದು ಮಧ್ಯಾಹ್ನಕ್ಕೆ ಯಾಕೆ ಸಾಯುತ್ತದೆ? ಅಂಗಡಿಯವರನ್ನು ಕೇಳಿದರೆ "ಬರೆದಷ್ಟು ಮಾಡ್ರಿ" ಅಂದರು.

ಇನ್ನೊಂದು. ಅಷ್ಟು ಸಣ್ಣ ಜೀವಕ್ಕೆ ಬಿಸಿ ಏರುತ್ತಿದೆ ಅಂತ ಗೊತ್ತಾಗುವುದಾದರೂ ಹೇಗೆ? ಚರ್ಮ ಇಲ್ಲ, ನರ ಇಲ್ಲ.

ಸೂಕ್ಷ್ಮಜೀವಿ_ಅಕ್ಕ

ಮಾನ್ವಿ ಅಣ್ಣಾರೆ, ಬಳ್ಳಾರಿಯಲ್ಲಿ ಡಿಗ್ರಿ ಮಕ್ಕಳಿಗೆ ಇದೇ ಪಾಠ ಮಾಡುತ್ತೇನೆ. ಹೀಗೆ ಹೊಲದ ಕಡೆಯಿಂದ ಯಾರೂ ಕೇಳಿರಲಿಲ್ಲ.

ಮೊದಲನೆಯದಕ್ಕೆ ಉತ್ತರ: ಜಾತಿ ಒಂದೇ ಇದ್ದರೂ ಸ್ಥಿತಿ ಬೇರೆ. ಪಾಕೀಟಿನ ರೈಜೋಬಿಯಂ ಸಕ್ಕರೆ ಇರುವ ಗಂಜಿಯಲ್ಲಿ ಹೊಟ್ಟೆ ತುಂಬ ತಿಂದು ಬೆಳೆದದ್ದು. ಆಮೇಲೆ ಅದನ್ನು ಲಿಗ್ನೈಟ್ ಪುಡಿಗೋ ಪೀಟ್ ಪುಡಿಗೋ ಬೆರೆಸಿ, ಪುಡಿ ಒದ್ದೆಯಾಗಿರುವಾಗಲೇ ಪಾಕೀಟಿಗೆ ತುಂಬುತ್ತಾರೆ. ಹೊಲದಲ್ಲಿರುವುದು ಹಸಿದದ್ದು. ಹಿಂಗಾರಿ ಮುಗಿದ ಮೇಲೆ ಮಣ್ಣು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಒಣಗುತ್ತದೆ. ತಯಾರಿಗೆ ಅದಕ್ಕೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಆ ಸಮಯದಲ್ಲಿ ಟ್ರೆಹಲೋಸ್ ಅನ್ನುವ ಒಂದು ಸಕ್ಕರೆಯನ್ನು ತನ್ನೊಳಗೇ ಮಾಡಿಟ್ಟುಕೊಳ್ಳುತ್ತದೆ. ನೀರು ಹೋದ ಜಾಗದಲ್ಲಿ ಈ ಸಕ್ಕರೆ ನಿಂತು ಪ್ರೋಟೀನ್ ಮತ್ತು ಪೊರೆ ಕುಸಿಯದಂತೆ ಹಿಡಿಯುತ್ತದೆ.

ಒಣಗಿದ ಕೋಶಕ್ಕೆ ಬಿಸಿ ತಡೆಯುವ ಶಕ್ತಿ ಒದ್ದೆ ಕೋಶಕ್ಕಿಂತ ಎಷ್ಟೋ ಜಾಸ್ತಿ. ಲ್ಯಾಬ್‌ನಲ್ಲಿ ಸಾಮಾನುಗಳ ಮೇಲಿನ ಸೂಕ್ಷ್ಮಜೀವಿ ಕೊಲ್ಲುವಾಗ ಇದು ದಿನಾ ಕಾಣುತ್ತದೆ. ಆಟೋಕ್ಲೇವ್‌ನಲ್ಲಿ ಹಬೆ ಇರುವುದರಿಂದ 121 ಡಿಗ್ರಿಗೆ 15 ನಿಮಿಷ ಸಾಕು. ಒಣ ಓವನ್‌ನಲ್ಲಿ ಅದೇ ಕೆಲಸ ಆಗಬೇಕಾದರೆ 160 ಡಿಗ್ರಿಗೆ 2 ಗಂಟೆ ಬೇಕು. ನಿಮ್ಮ ಪಾಕೀಟು ಬೈಕಿನ ಡಿಕ್ಕಿಯಲ್ಲಿ ಕೂತಾಗ ಒದ್ದೆ ಬ್ಯಾಕ್ಟೀರಿಯಾ ಒಂದು ಗಂಟೆಯೊಳಗೆ ಬೇಯುತ್ತದೆ. ತಯಾರಾಗಲು ಬಿಡುವೇ ಇಲ್ಲ.

ಎರೆಮಣ್ಣಿಗೂ ಇದರಲ್ಲಿ ಪಾಲಿದೆ. ನಮ್ಮ ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಜಾಸ್ತಿ. ಬಿರುಕು ಬಿಡಿಸುವುದೂ ಅದೇ. 1964ರಲ್ಲಿ ಆಸ್ಟ್ರೇಲಿಯಾದ ಕೆ. ಸಿ. ಮಾರ್ಷಲ್ ಒಣ ಮಣ್ಣನ್ನು ಬಿಸಿ ಮಾಡಿ ನೋಡಿದರು. ಮರಳುಮಣ್ಣಿಗೆ ಈ ಜೇಡಿ ಸೇರಿಸಿದರೆ ಕೆಲವು ಜಾತಿಯ ರೈಜೋಬಿಯಂ ಚೆನ್ನಾಗಿ ಉಳಿಯಿತು. ಮತ್ತೆ, ಕಾಲು ಸುಡುವುದು ಮೇಲಿನ ಪದರ. ಒಂದು ಗೇಣು ಕೆಳಗೆ ಅಷ್ಟು ಬಿಸಿ ಇರುವುದಿಲ್ಲ.

ಹೊಲದಲ್ಲೂ ಸಾಯುತ್ತವೆ ಅಣ್ಣಾರೆ, ರಾಶಿ ರಾಶಿ. ಉಳಿದ ಸ್ವಲ್ಪವೇ ಸಾಕು, ಬೇರಿನ ಹತ್ತಿರ ಹೋದ ಮೇಲೆ ಹೆಚ್ಚಿಕೊಳ್ಳುತ್ತವೆ. ನಿಮ್ಮ ಕಣ್ಣಿಗೆ ಬೀಳುವುದು ಉಳಿದವುಗಳ ಮಕ್ಕಳು ಮಾತ್ರ.

ಎರಡನೆಯ ಪ್ರಶ್ನೆಗೆ ರಾತ್ರಿ ಕೂತು ಬರೆಯುತ್ತೇನೆ.

ಮಾನ್ವಿ_ತೊಗರಿ

ಹಾಗಾದರೆ ಬೀಜಕ್ಕೆ ಹಚ್ಚಿದ ಮೇಲೆ ಬಿಸಿಲಲ್ಲಿ ಒಣಗಿಸಿದರೆ ಮಾಡಿದ್ದೆಲ್ಲ ನೀರಿಗೆ ಹೋಮ.

ಸೂಕ್ಷ್ಮಜೀವಿ_ಅಕ್ಕ

ಹೌದು. ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ತೇವ ಇರುವ ಮಣ್ಣಿಗೆ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ.

ಹೈಸ್ಕೂಲ್_ಮೇಷ್ಟ್ರು

ಮೇಡಂ, ಎರಡನೆಯ ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ. ಹತ್ತನೇ ಕ್ಲಾಸಿನಲ್ಲಿ "ಜೀವಿಗಳು ಪ್ರಚೋದನೆಗೆ ಪ್ರತಿಕ್ರಿಯಿಸುತ್ತವೆ" ಅಂತ ಒಂದು ಸಾಲು ಹೇಳಿ ಮುಂದೆ ಹೋಗುತ್ತೇವೆ. ಹೇಗೆ ಅಂತ ಮಕ್ಕಳು ಕೇಳಿದರೆ ಬೆಲ್ ಹೊಡೆಯಲಿ ಅಂತ ದೇವರನ್ನು ನೆನೆಯುವುದೇ.

ಸೂಕ್ಷ್ಮಜೀವಿ_ಅಕ್ಕ

ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಹೇಳುವುದೆಲ್ಲ ಇ. ಕೋಲಿ ಬ್ಯಾಕ್ಟೀರಿಯಾದ ಕತೆ, ಯಾಕೆಂದರೆ ಜಾಸ್ತಿ ಕೆಲಸ ಆಗಿರುವುದು ಅದರ ಮೇಲೆ. ರೈಜೋಬಿಯಂನಲ್ಲಿ ವಿವರ ಬೇರೆ ಇದೆ.

ಬಿಸಿ ಅಳೆಯಲು ಅದರಲ್ಲಿ ಬೇರೆ ಉಪಕರಣ ಅಂತ ಇಲ್ಲ. ಬಿಸಿಯಿಂದ ಯಾವುದು ಕೆಡುತ್ತದೋ ಅದೇ ಸುದ್ದಿ ಕೊಡುತ್ತದೆ. ಇಷ್ಟು ಹಿಡಿದುಕೊಂಡರೆ ಉಳಿದದ್ದು ಸಲೀಸು.

ಪ್ರೋಟೀನ್ ಅಂದರೆ ಒಂದು ಉದ್ದ ಸರಪಳಿ. ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಬಿಸಿ ಏರಿದರೆ ಮಡಿಕೆ ಬಿಚ್ಚುತ್ತದೆ. ಬಿಚ್ಚಿದವು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ. ಮೊಟ್ಟೆ ಬೇಯಿಸಿದಾಗ ಬಿಳಿ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಇದನ್ನು ತಡೆಯಲು ಕೋಶದಲ್ಲಿ ಡಿಎನ್‌ಎಕೆ ಅನ್ನುವ ಇನ್ನೊಂದು ಪ್ರೋಟೀನ್ ಯಾವಾಗಲೂ ಇರುತ್ತದೆ. ಬಿಚ್ಚಿಕೊಂಡ ಸರಪಳಿಯನ್ನು ಹಿಡಿದು ಮತ್ತೆ ಮಡಚಲು ಸಹಾಯ ಮಾಡುವುದು ಅದರ ಕೆಲಸ.

ತಂಪು ಹೊತ್ತಿನಲ್ಲಿ ಡಿಎನ್‌ಎಕೆಗೆ ಅಷ್ಟು ಕೆಲಸ ಇರುವುದಿಲ್ಲ. ಆಗ ಅದು ಸಿಗ್ಮಾ-32 ಅನ್ನುವ ಪ್ರೋಟೀನನ್ನು ಹಿಡಿದುಕೊಂಡಿರುತ್ತದೆ. ಹೀಗೆ ಸಿಕ್ಕಿಬಿದ್ದ ಸಿಗ್ಮಾ-32 ಅನ್ನು ಪೊರೆಯಲ್ಲಿ ಕೂತಿರುವ ಎಫ್‌ಟಿಎಸ್‌ಎಚ್ ಎಂಬ ಕಿಣ್ವ ಕತ್ತರಿಸಿ ಹಾಕುತ್ತದೆ. ಅದರ ಅರ್ಧಾಯುಷ್ಯ ಸುಮಾರು ಒಂದೇ ನಿಮಿಷ. ಹುಟ್ಟಿದ್ದೇ ತಡ, ಸಾವು.

ಈಗ ಬಿಸಿ ಏರಿತು ಅನ್ನಿ. ಬಿಚ್ಚಿದ ಪ್ರೋಟೀನ್ ಎಲ್ಲೆಲ್ಲೂ. ಡಿಎನ್‌ಎಕೆ ಅತ್ತ ಓಡುತ್ತದೆ, ಸಿಗ್ಮಾ-32 ಬಿಡುಗಡೆಯಾಗುತ್ತದೆ. ಅದು ಹೋಗಿ ಆರ್‌ಎನ್‌ಎ ಬರೆಯುವ ಯಂತ್ರಕ್ಕೆ ಸೇರಿಕೊಂಡು, ಬಿಸಿಯ ಹೊತ್ತಿಗೆ ಬೇಕಾದ ಜೀನ್‌ಗಳ ಕಡೆ ಯಂತ್ರವನ್ನು ತಿರುಗಿಸುತ್ತದೆ. ಆ ಜೀನ್‌ಗಳಲ್ಲಿ ಡಿಎನ್‌ಎಕೆಯದೂ ಒಂದು. ಹೊಸ ಡಿಎನ್‌ಎಕೆ ಸಾಕಷ್ಟು ಆಯಿತು, ಬಿಚ್ಚಿದ್ದೆಲ್ಲ ಸರಿಯಾಯಿತು ಅಂದರೆ ಮಿಕ್ಕ ಡಿಎನ್‌ಎಕೆ ಮತ್ತೆ ಸಿಗ್ಮಾ-32 ಅನ್ನು ಹಿಡಿಯುತ್ತದೆ. ಗದ್ದಲ ತಾನಾಗಿಯೇ ನಿಲ್ಲುತ್ತದೆ.

ಇದಕ್ಕಿಂತ ಚಂದದ್ದು ಇನ್ನೊಂದಿದೆ. ಸಿಗ್ಮಾ-32 ಮಾಡಲು ಬೇಕಾದ ಸಂದೇಶದ ಆರ್‌ಎನ್‌ಎ 30 ಡಿಗ್ರಿಯಲ್ಲಿ ತನ್ನ ಮೇಲೆ ತಾನೇ ಮಡಚಿಕೊಂಡಿರುತ್ತದೆ. ಪ್ರೋಟೀನ್ ಕಟ್ಟುವ ಯಂತ್ರ, ಅಂದರೆ ರೈಬೋಸೋಮ್, ಬಂದು ಕೂರಬೇಕಾದ ಜಾಗವೇ ಮುಚ್ಚಿರುತ್ತದೆ. 42 ಡಿಗ್ರಿಗೆ ಆ ಮಡಿಕೆ ಸಡಿಲಾಗಿ ಜಾಗ ತೆರೆದುಕೊಳ್ಳುತ್ತದೆ. ಪ್ರೋಟೀನ್ ಕೆಟ್ಟ ಸುದ್ದಿ ಬರುವವರೆಗೂ ಕಾಯಬೇಕಾಗಿಲ್ಲ, ಓಲೆಯೇ ಬಿಸಿ ಅಳೆಯುತ್ತದೆ. ಎರಡೂ ಸೇರಿ 30ರಿಂದ 42ಕ್ಕೆ ಏರಿಸಿದ ಐದು ನಿಮಿಷದೊಳಗೆ ಸಿಗ್ಮಾ-32 ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ.

ಲಿಸ್ಟೀರಿಯಾ ಅನ್ನುವ ರೋಗದ ಬ್ಯಾಕ್ಟೀರಿಯಾವೂ ಇದೇ ತಂತ್ರದಿಂದ ತಾನು ಮನುಷ್ಯರ ಮೈಯೊಳಗೆ ಬಂದಿದ್ದೇನೆ ಅಂತ ತಿಳಿಯುತ್ತದೆ. 37 ಡಿಗ್ರಿಗೆ ಅದರ ಒಂದು ಆರ್‌ಎನ್‌ಎ ಬಿಚ್ಚಿಕೊಂಡರೆ ರೋಗ ತರುವ ಜೀನ್‌ಗಳು ಶುರು.

ಹೈಸ್ಕೂಲ್_ಮೇಷ್ಟ್ರು

ಇದನ್ನು ಮೊದಲು ಕಂಡವರು ಯಾರು?

ಸೂಕ್ಷ್ಮಜೀವಿ_ಅಕ್ಕ

ಕಂಡದ್ದು ಬ್ಯಾಕ್ಟೀರಿಯಾದಲ್ಲಲ್ಲ, ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚ್ಚೊ ರಿಟೋಸಾ ಅವರ ಲ್ಯಾಬ್‌ನಲ್ಲಿ ಯಾರೋ ಇನ್‌ಕ್ಯುಬೇಟರ್‌ನ ಬಿಸಿ ಏರಿಸಿಬಿಟ್ಟಿದ್ದರು. ಮರಿಹುಳದ ಜೊಲ್ಲುಗ್ರಂಥಿಯ ಕ್ರೋಮೋಸೋಮ್ ನೋಡಿದರೆ ಹೊಸ ಜಾಗಗಳಲ್ಲಿ ಉಬ್ಬು ಬಂದಿತ್ತು. ಉಬ್ಬಿದ ಜಾಗ ಅಂದರೆ ಅಲ್ಲಿ ಜೀನ್ ಕೆಲಸ ಮಾಡುತ್ತಿದೆ ಅಂತ. ಒಂದು ಪತ್ರಿಕೆ "ಇದರಿಂದ ಏನು ಉಪಯೋಗ" ಅನ್ನುವ ಧಾಟಿಯಲ್ಲಿ ಲೇಖನ ವಾಪಸ್ ಕಳಿಸಿತು. ಬೇರೆ ಕಡೆ 1962ರಲ್ಲಿ ಅಚ್ಚಾಯಿತು. ಆ ಉಬ್ಬುಗಳಿಂದ ಯಾವ ಪ್ರೋಟೀನ್ ಬರುತ್ತವೆ ಅಂತ ಗೊತ್ತಾಗಿದ್ದು 1974ರಲ್ಲಿ.

ತೋರಣಗಲ್ಲು_ಬಿ_ಶಿಫ್ಟ್

ನಾನು ಫರ್ನೇಸ್ ಪಕ್ಕ ಕೆಲಸ ಮಾಡುವವನು. ಸುಮ್ನೆ ಓದುತ್ತಿದ್ದೆ. ನಮ್ಮ ಮೈಯಲ್ಲೂ ಹೀಗೇನಾ? ಹೊಸದಾಗಿ ಬಂದ ಹುಡುಗರು ಮೊದಲ ವಾರ ತಲೆ ತಿರುಗಿ ಬೀಳುತ್ತಾರೆ. ಆಮೇಲೆ ಅದೇ ಜಾಗದಲ್ಲಿ ಆರಾಮಾಗಿ ಇರುತ್ತಾರೆ.

ಸೂಕ್ಷ್ಮಜೀವಿ_ಅಕ್ಕ

ಕೋಶದ ಮಟ್ಟದಲ್ಲಿ ಬಹಳ ಹತ್ತಿರ. ನಮ್ಮಲ್ಲಿ ಎಚ್‌ಎಸ್‌ಪಿ-70 ಅಂತ ಇದೆ. ಇ. ಕೋಲಿಯ ಡಿಎನ್‌ಎಕೆ ಜೊತೆ ಹೋಲಿಸಿದರೆ ಸರಪಳಿಯ ಸುಮಾರು ಅರ್ಧ ಭಾಗ ಹಾಗೆಹಾಗೇ ಇದೆ. ಅಷ್ಟು ಹಳೆಯ ಏರ್ಪಾಡು. ಮೊದಲು ಸ್ವಲ್ಪ ಬಿಸಿ ಕಂಡ ಕೋಶ ಆಮೇಲೆ ಜಾಸ್ತಿ ಬಿಸಿಯನ್ನು ತಡೆಯುತ್ತದೆ. ಇದು ಬ್ಯಾಕ್ಟೀರಿಯಾ, ಯೀಸ್ಟ್, ಗಿಡ, ಮನುಷ್ಯರ ಕೋಶ ಎಲ್ಲದರಲ್ಲೂ ಕಾಣುತ್ತದೆ.

ಆದರೆ ಹುಡುಗರು ಹೊಂದಿಕೊಳ್ಳುವುದು ಇದೊಂದರಿಂದಲೇ ಅಲ್ಲ. ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ. ಇದಕ್ಕೆ ಒಂದೆರಡು ವಾರ ಬೇಕು. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಹೀಗಿದೆ: ಹೊಸಬರನ್ನು ಮೊದಲ ದಿನ ಬಿಸಿಯಲ್ಲಿ ಪೂರ್ತಿ ಅವಧಿಯ 20 ಶೇಕಡಾಕ್ಕಿಂತ ಜಾಸ್ತಿ ನಿಲ್ಲಿಸಬಾರದು, ಆಮೇಲೆ ದಿನಕ್ಕೆ 20 ಶೇಕಡಾದಷ್ಟೇ ಏರಿಸಬೇಕು. ತಲೆ ತಿರುಗಿ ಬಿದ್ದರೆ "ರೂಢಿಯಾಗುತ್ತದೆ ಬಿಡು" ಅನ್ನಬೇಡಿ. ಬಿಸಿಲು ಹೊಡೆದು ಮಾತು ತೊದಲಿದರೆ ಅದು ಆಸ್ಪತ್ರೆಗೆ ಓಡುವ ಹೊತ್ತು.

ಕೌಲ್‌ಬಜಾರ್_ಅಡುಗೆಮನೆ

ನಮ್ಮ ಮನೆ ಮೊಸರು ಏಪ್ರಿಲ್ ಬಂದರೆ ಮಧ್ಯಾಹ್ನದೊಳಗೆ ಹುಳಿ. ಅದೂ ಬ್ಯಾಕ್ಟೀರಿಯಾ ತಾನೇ, ಅದಕ್ಕೆ ಈ ಬಿಸಿ ಕಷ್ಟ ಆಗಲ್ವಾ?

ಸೂಕ್ಷ್ಮಜೀವಿ_ಅಕ್ಕ

ಅದಕ್ಕೆ 40ರ ಆಸುಪಾಸು ಹಬ್ಬ ಕಣಮ್ಮ. ಬಳ್ಳಾರಿ ಬೇಸಿಗೆಯೇ ಅದರ ಇಷ್ಟದ ಹವಾ. ಅದರ ಕಷ್ಟ ಬಿಸಿಯಲ್ಲ, ತಾನೇ ಮಾಡಿದ ಹುಳಿ. ಒಳಗೆ ನುಗ್ಗುವ ಆಮ್ಲವನ್ನು ಪಂಪ್ ಮಾಡಿ ಹೊರಗೆ ಹಾಕುತ್ತಲೇ ಇರಬೇಕು, ಅದಕ್ಕೆ ಶಕ್ತಿ ಖರ್ಚು. ಮೊದಲು ಕೆಲಸ ಶುರು ಮಾಡುವ ಸ್ಟ್ರೆಪ್ಟೊಕಾಕಸ್ ಬೇಗ ಸುಸ್ತಾಗುತ್ತದೆ. ಹುಳಿ ತಡೆಯುವ ಲ್ಯಾಕ್ಟೊಬ್ಯಾಸಿಲಸ್ ಮುಂದುವರಿಸುತ್ತದೆ. ಬೇಗ ಫ್ರಿಜ್‌ಗೆ ಇಡಿ, ಅಷ್ಟೇ.

ಮೊಸರಿಗಿಂತ ಅನ್ನದ ಬಗ್ಗೆ ಹುಷಾರಾಗಿರಿ. ಬ್ಯಾಸಿಲಸ್ ಸೀರಿಯಸ್ ಅನ್ನುವುದು ಅಕ್ಕಿಯಲ್ಲೇ ಬೀಜಾಣುವಾಗಿ ಕೂತಿರುತ್ತದೆ. ಹಸಿವೆಯಾದಾಗ ಈ ಜಾತಿಯ ಕೋಶ ತನ್ನೊಳಗೇ ಇನ್ನೊಂದು ಗಟ್ಟಿ ಕೋಶ ಕಟ್ಟಿ, ಅದಕ್ಕೆ ಪದರದ ಮೇಲೆ ಪದರ ಹಾಕಿ, ಒಳಗಿನ ನೀರು ತೆಗೆದು, ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ತುಂಬಿ ಬಿಟ್ಟು ಸಾಯುತ್ತದೆ. ಇದರ ನೆಂಟ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಲೆಕ್ಕ ಹಾಕಿದ್ದಾರೆ, ಸುಮಾರು 8 ಗಂಟೆ ಹಿಡಿಯುವ ಕೆಲಸ. ಕುದಿಯುವ ನೀರಿಗೆ ಅದು ಜಗ್ಗುವುದಿಲ್ಲ. ಅನ್ನ ಆರುತ್ತಾ ಬೆಚ್ಚಗೆ ಕೂತಾಗ ಮೊಳೆಯುತ್ತದೆ, ವಾಂತಿ ತರಿಸುವ ವಿಷ ಮಾಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮದುವೆ ಮನೆಯ ಮಿಕ್ಕ ಅನ್ನ ಸಂಜೆಗೆ ಚಿತ್ರಾನ್ನ ಆಗುವಾಗ ಇದನ್ನು ನೆನೆಯಿರಿ.

ಕೌಲ್‌ಬಜಾರ್_ಅಡುಗೆಮನೆ

ಚಿತ್ರಾನ್ನದ ಮೇಲಿನ ಆಸೆಯೇ ಹೋಯಿತು ತಾಯಿ.

ಕಾರಟಗಿ_ಭತ್ತ

ಬಿಸಿಲು ಬಿಡಿ, ನಮ್ಮ ಕಡೆ ಸವುಳಿನ ಕತೆ ಹೇಳಿ. ಕಾಲುವೆ ನೀರು ನಿಂತು ನಿಂತು ಎಷ್ಟೋ ಗದ್ದೆ ಬೆಳ್ಳಗಾಗಿದೆ. ಬೇಸಿಗೆಯಲ್ಲಿ ನೋಡಿದರೆ ಮೇಲೆ ಉಪ್ಪು ಉದುರಿಸಿದ ಹಾಗೆ. ಗಂಗಾವತಿ ಸಂಶೋಧನಾ ಕೇಂದ್ರದವರು ಜಿಪ್ಸಂ, ಬಸಿಗಾಲುವೆ ಅಂತ ಹೇಳುತ್ತಾರೆ, ಕೆಲವರು ಮಾಡಿದ್ದಾರೆ. ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಇರುತ್ತವಾ?

ಸೂಕ್ಷ್ಮಜೀವಿ_ಅಕ್ಕ

ಇರುತ್ತವೆ, ಬೇರೆ ಬೇರೆ ಉಪಾಯ ಮಾಡಿಕೊಂಡು.

ಹೊರಗೆ ಉಪ್ಪು ಜಾಸ್ತಿ ಆದರೆ ಕೋಶದೊಳಗಿನ ನೀರು ಹೊರಗೆ ಹೋಗುತ್ತದೆ, ಕೋಶ ಮುದುಡುತ್ತದೆ. ಇ. ಕೋಲಿ ಮೊದಲು ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಅದು ತಕ್ಷಣದ ಉಪಶಮನ ಮಾತ್ರ. ಪೊಟ್ಯಾಸಿಯಂ ಬಹಳ ಆದರೆ ಒಳಗಿನ ಕೆಲಸ ಕೆಡುತ್ತದೆ. ಆಮೇಲೆ ನಿಧಾನಕ್ಕೆ ಪ್ರೋಲೀನ್, ಗ್ಲೈಸೀನ್ ಬೀಟೇನ್, ಟ್ರೆಹಲೋಸ್ ಇಂಥವನ್ನು ತುಂಬಿಕೊಂಡು ಪೊಟ್ಯಾಸಿಯಂ ಬಿಡುತ್ತದೆ. ಇವು ಎಷ್ಟೇ ತುಂಬಿದರೂ ಪ್ರೋಟೀನ್‌ಗೆ ತೊಂದರೆ ಇಲ್ಲ. ಭತ್ತದ ಗಿಡವೂ ಉಪ್ಪು ಜಾಸ್ತಿಯಾದಾಗ ಪ್ರೋಲೀನ್ ಮಾಡುತ್ತದೆ. ಉಪ್ಪಿನ ಮಡಿಗಳಲ್ಲಿ ಕೆಂಪು ಬಣ್ಣ ತರುವ ಹ್ಯಾಲೊಬ್ಯಾಕ್ಟೀರಿಯಂ ಇನ್ನೂ ಹಠಮಾರಿ. ಅದು ಪೊಟ್ಯಾಸಿಯಂ ಅನ್ನೇ ಪೂರ್ತಿ ತುಂಬಿಕೊಂಡು, ತನ್ನ ಪ್ರೋಟೀನ್‌ಗಳನ್ನೇ ಅದಕ್ಕೆ ತಕ್ಕಂತೆ ಮಾಡಿಕೊಂಡಿದೆ. ಸಿಹಿ ನೀರಿಗೆ ಹಾಕಿದರೆ ಒಡೆದೇ ಹೋಗುತ್ತದೆ.

ನಿಜವಾದ ಅಪಾಯ ಬರುವುದು ನೀವು ಕಾಲುವೆ ನೀರು ಬಿಟ್ಟಾಗ. ಉಪ್ಪಿಗೆ ಹೊಂದಿಕೊಂಡು ಒಳಗೆಲ್ಲ ತುಂಬಿಕೊಂಡ ಕೋಶದ ಸುತ್ತ ಒಮ್ಮೆಲೇ ಸಿಹಿನೀರು. ಈಗ ನೀರು ಒಳಗೆ ನುಗ್ಗುತ್ತದೆ. ಕೋಶ ಒಡೆಯಲು ಸೆಕೆಂಡು ಸಾಕು, ಜೀನ್ ಓದಿ ಪ್ರೋಟೀನ್ ಮಾಡಿಕೊಂಡು ಕೂರಲು ಸಮಯ ಇಲ್ಲ. ಅದಕ್ಕೇ ಪೊರೆಯಲ್ಲಿ ಮೊದಲೇ ಗೇಟ್‌ಗಳು ಕೂತಿವೆ, ತುಂಗಭದ್ರಾ (ಟಿ.ಬಿ.) ಡ್ಯಾಂ ತುಂಬಿದಾಗ ಕ್ರೆಸ್ಟ್ ಗೇಟ್ ಎತ್ತುವ ಹಾಗೆ. ಆದರೆ ಇಲ್ಲಿ ಎತ್ತಲು ಯಾರೂ ಬೇಡ. ಪೊರೆ ಬಿಗಿಯಾಗಿ ಹಿಗ್ಗಿದರೆ ಆ ಎಳೆತವೇ ಗೇಟನ್ನು ತೆರೆಯುತ್ತದೆ. ಎಮ್‌ಎಸ್‌ಸಿಎಲ್ ಅನ್ನುವ ದೊಡ್ಡ ಗೇಟ್ ಪೂರ್ತಿ ತೆರೆದಾಗ ತೂತು ಸುಮಾರು 3 ನ್ಯಾನೋಮೀಟರ್. ಕೆಲವೇ ಮಿಲಿಸೆಕೆಂಡಿನಲ್ಲಿ ಪೊಟ್ಯಾಸಿಯಂ, ಪ್ರೋಲೀನ್ ಎಲ್ಲ ಹೊರಗೆ ಚೆಲ್ಲುತ್ತದೆ. ಕಷ್ಟಪಟ್ಟು ಕೂಡಿಟ್ಟದ್ದು ಹೋಯಿತು, ಜೀವ ಉಳಿಯಿತು.

ಇ. ಕೋಲಿಯ ಪೊರೆಯಲ್ಲಿ ಎಳೆತಕ್ಕೆ ತೆರೆಯುವ ತೂತು ಇದೆ ಅಂತ 1987ರಲ್ಲಿ ಮಾರ್ಟಿನಾಕ್, ಕುಂಗ್ ಮತ್ತು ಜೊತೆಯವರು ತೋರಿಸಿದರು. ಕೋಶ ತುಂಬಾ ಸಣ್ಣದು ಅಂತ ಅದನ್ನು ಔಷಧ ಕೊಟ್ಟು ದೈತ್ಯವಾಗಿ ಬೆಳೆಸಿ, ಗಾಜಿನ ಸೂಜಿಯ ತುದಿಗೆ ಪೊರೆಯ ಒಂದು ತುಣುಕು ಹಿಡಿದು, ಬಾಯಿಂದ ಹೀರಿದಂತೆ ಎಳೆದರು. ವಿದ್ಯುತ್ ಹರಿಯಿತು. ಇಲ್ಲೂ ಅದೇ ವಿಷಯ ನೋಡ್ರಿ, ಪೆಟ್ಟು ಬೀಳುವ ಪೊರೆಯೇ ಪೆಟ್ಟನ್ನು ಅಳೆಯುತ್ತದೆ.

ಕಾರಟಗಿ_ಭತ್ತ

2024ರ ಆಗಸ್ಟ್‌ನಲ್ಲಿ ನಮ್ಮ ಡ್ಯಾಂನ 19ನೇ ಗೇಟ್ ಚೈನ್ ಕಿತ್ತು ಹೋದದ್ದು ನೆನಪಾಗಿ ಹೊಟ್ಟೆ ಚುರ್ ಅಂತು. ಬ್ಯಾಕ್ಟೀರಿಯಾದವರ ಗೇಟ್ ನಮ್ಮದಕ್ಕಿಂತ ಗಟ್ಟಿ.

ಕುಷ್ಟಗಿ_ದಾಳಿಂಬೆ

ಎಲ್ಲರೂ ಬ್ಯಾಕ್ಟೀರಿಯಾವನ್ನು ಹೊಗಳುತ್ತಿದ್ದೀರಿ. ನನ್ನ ತೋಟ ತಿಂದದ್ದು ಅದೇ. ದುಂಡಾಣು ಅಂಗಮಾರಿ. ಎಲೆ ಮೇಲೆ ಎಣ್ಣೆ ಚುಕ್ಕೆ, ಆಮೇಲೆ ಕಾಯಿ ಸೀಳು. ಕಾಯಿ ಸೀಳಿದ ಮೇಲೆ ಮಾರ್ಕೆಟ್‌ನಲ್ಲಿ ಯಾರೂ ಮುಟ್ಟುವುದಿಲ್ಲ. ತಾಮ್ರದ ಬೋರ್ಡೋ ದ್ರಾವಣ ಹೊಡೆದೆ, ಕಾಪರ್ ಆಕ್ಸಿಕ್ಲೋರೈಡ್ ಹೊಡೆದೆ, ಸ್ಟ್ರೆಪ್ಟೋಸೈಕ್ಲಿನ್ ಹೊಡೆದೆ. ಮೊದಲ ವರ್ಷ ಹಿಡಿತ ಸಿಕ್ಕಿತು. ಈಗ ಏನು ಹೊಡೆದರೂ ಅದಕ್ಕೆ ರೂಢಿಯಾಗಿಬಿಟ್ಟಿದೆ. ನೀವು ಹೇಳಿದ ಹಾಗೆ ಹೊಂದಿಕೊಂಡಿದೆ.

ಹೈಸ್ಕೂಲ್_ಮೇಷ್ಟ್ರು

ಇಲ್ಲಿ ನಾನು ಒಪ್ಪುವುದಿಲ್ಲ ಅಣ್ಣಾರೆ. ಒಂದು ಬ್ಯಾಕ್ಟೀರಿಯಾ ರೂಢಿ ಮಾಡಿಕೊಳ್ಳುವುದು ಬೇರೆ. ಲಕ್ಷದಲ್ಲಿ ಒಂದು ಮೊದಲೇ ಗಟ್ಟಿ ಇದ್ದು, ಔಷಧಕ್ಕೆ ಉಳಿದದ್ದೆಲ್ಲ ಸತ್ತು, ಆ ಒಂದರ ಸಂತಾನ ತೋಟ ತುಂಬುವುದು ಬೇರೆ. ನಿಮ್ಮ ತೋಟದಲ್ಲಿ ಆಗಿರುವುದು ಎರಡನೆಯದು. ಡಾರ್ವಿನ್ ಪಾಠ ಅದು. ಮೇಡಂ ಹೇಳಿದ ಡಿಎನ್‌ಎಕೆ, ಸಿಗ್ಮಾ ಎಲ್ಲ ಮೊದಲನೆಯದು. ಬಿಸಿ ಇಳಿದರೆ ಅದು ಹೋಗುತ್ತದೆ, ಮಕ್ಕಳಿಗೆ ಬರುವುದಿಲ್ಲ.

ಕುಷ್ಟಗಿ_ದಾಳಿಂಬೆ

ಮೇಷ್ಟ್ರೇ, ನನಗೆ ಎರಡೂ ಒಂದೇ. ದುಡ್ಡು ಹೋಯಿತು.

ಸೂಕ್ಷ್ಮಜೀವಿ_ಅಕ್ಕ

ಮೇಷ್ಟ್ರು ಗೆರೆ ಎಳೆದದ್ದು ಸರಿ. ಆದರೆ ಕುಷ್ಟಗಿ ಅಣ್ಣಾರಿಗೆ ಆ ಗೆರೆಯಿಂದ ಉಪಯೋಗ ಆಗಬೇಕಾದರೆ, ಎರಡೂ ಕಡೆಯವು ಒಂದಕ್ಕೊಂದು ಹೇಗೆ ಕೈ ಹಾಕುತ್ತವೆ ಅಂತ ನೋಡಬೇಕು.

ಔಷಧ ಹೊಡೆದಾಗ ಕೋಶಕ್ಕೆ ಏನು ಅನಿಸುತ್ತದೆ? ಸ್ಟ್ರೆಪ್ಟೋಸೈಕ್ಲಿನ್ ಅಂದರೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎರಡರ ಮಿಶ್ರಣ. ಎರಡೂ ರೈಬೋಸೋಮ್‌ಗೆ ಪೆಟ್ಟು ಕೊಡುತ್ತವೆ. 1990ರಲ್ಲಿ ವ್ಯಾನ್‌ಬೋಗೆಲೆನ್ ಮತ್ತು ನೈಡ್‌ಹಾರ್ಟ್ ಇ. ಕೋಲಿಗೆ ಇಂಥ ಔಷಧ ಕೊಟ್ಟು, ಯಾವ ಪ್ರೋಟೀನ್‌ಗಳು ಏರುತ್ತವೆ ಅಂತ ನೋಡಿದರು. ಸ್ಟ್ರೆಪ್ಟೊಮೈಸಿನ್ ಕೊಟ್ಟರೆ ಬಿಸಿ ತಾಗಿದಾಗ ಬರುವ ಪ್ರೋಟೀನ್‌ಗಳು ಬಂದವು. ಟೆಟ್ರಾಸೈಕ್ಲಿನ್ ಕೊಟ್ಟರೆ ಚಳಿ ತಾಗಿದಾಗ ಬರುವವು! ಮೊದಲನೆಯದಕ್ಕೆ ಕಾರಣ ಊಹಿಸುವುದು ಸುಲಭ. ಸ್ಟ್ರೆಪ್ಟೊಮೈಸಿನ್ ಇದ್ದರೆ ರೈಬೋಸೋಮ್ ತಪ್ಪು ಓದುತ್ತದೆ, ತಪ್ಪು ಪ್ರೋಟೀನ್ ಸರಿಯಾಗಿ ಮಡಚುವುದಿಲ್ಲ, ಡಿಎನ್‌ಎಕೆಗೆ ಕೈತುಂಬ ಕೆಲಸ. ಕೋಶಕ್ಕೆ ಅದು ಬಿಸಿಯೋ ಔಷಧವೋ ಗೊತ್ತಿಲ್ಲ. ಗೊತ್ತಿರುವುದು ಒಳಗೆ ಏನು ಕೆಟ್ಟಿದೆ ಅನ್ನುವುದಷ್ಟೇ. ದಾಳಿಂಬೆಗೆ ಅಂಗಮಾರಿ ತರುವ ಕ್ಸಾಂತೊಮೊನಾಸ್ ಬೇರೆ ಜಾತಿ, ಅದರಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೂ ಒಂದೇ ಡಬ್ಬಿಯಿಂದ ಬಿಸಿಯೂ ಚಳಿಯೂ ಬರುವುದು ನನಗೆ ಭಾರೀ ಇಷ್ಟದ ಸಂಗತಿ.

ಇನ್ನು ಔಷಧಕ್ಕೆ ಸಾಯದವು ಎರಡು ಥರ. ಒಂದು, ಮೇಷ್ಟ್ರು ಹೇಳಿದ್ದು: ಜೀನ್‌ನಲ್ಲೇ ಬದಲಾವಣೆ. ಹಲವು ಸಲ ನಿರೋಧಕ ಜೀನ್ ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಉಂಗುರದ ಮೇಲೆ ಇರುತ್ತದೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಇನ್ನೊಂದು, ಸುಮ್ನೆ ಮಲಗಿದವು. 1944ರಲ್ಲಿ ಜೋಸೆಫ್ ಬಿಗ್ಗರ್ ಅನ್ನುವವರು ಸ್ಟೆಫೈಲೊಕಾಕಸ್ ಮೇಲೆ ಪೆನಿಸಿಲಿನ್ ಹಾಕಿದಾಗ ಕೆಲವು ಉಳಿದವು. ಅವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಹಾಕಿದರೆ ಮೊದಲಿನ ಹಾಗೇ ಸತ್ತವು, ಮತ್ತೆ ಕೆಲವು ಮಾತ್ರ ಉಳಿದವು. ಅಂದರೆ ಅವುಗಳ ಜೀನ್ ಬದಲಾಗಿರಲಿಲ್ಲ. ಬೆಳೆಯುವುದನ್ನು ನಿಲ್ಲಿಸಿ ಕೂತಿದ್ದವು ಅಷ್ಟೇ. ಪೆನಿಸಿಲಿನ್ ಗೋಡೆ ಕಟ್ಟುತ್ತಿರುವ ಕೋಶವನ್ನು ಕೊಲ್ಲುತ್ತದೆ, ಕಟ್ಟದೆ ಕೂತದ್ದನ್ನು ಏನು ಮಾಡುತ್ತದೆ?

ಮೂರನೆಯದು ಒಂದಿದೆ, ಅದು ಮೇಷ್ಟ್ರ ಗೆರೆಯ ಮೇಲೇ ಕೂತಿದೆ. ಡಿಎನ್‌ಎ ಮುರಿದಾಗ ಬ್ಯಾಕ್ಟೀರಿಯಾ ಒಂದು ತುರ್ತು ಏರ್ಪಾಡು ಶುರು ಮಾಡುತ್ತದೆ. ಮಿರೋಸ್ಲಾವ್ ರಾಡ್‌ಮನ್ ಅದಕ್ಕೆ ಎಸ್‌ಒಎಸ್ ಅಂತ ಹೆಸರಿಟ್ಟರು, ಎವೆಲಿನ್ ವಿಟ್ಕಿನ್ ಅದರ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಅದರಲ್ಲಿ ಬರುವ ಕೆಲವು ಕಿಣ್ವಗಳು ಮುರಿದ ಡಿಎನ್‌ಎ ಮೇಲೂ ನಕಲು ಮಾಡಿಕೊಂಡು ಹೋಗುತ್ತವೆ, ಆದರೆ ತಪ್ಪು ಜಾಸ್ತಿ ಮಾಡುತ್ತವೆ. ತಪ್ಪು ಅಂದರೆ ಹೊಸ ರೂಪಾಂತರ. ಅಂದರೆ ಒತ್ತಡಕ್ಕೆ ಒಂದು ಕೋಶ ಕೊಡುವ ಉತ್ತರವೇ ಮುಂದಿನ ಪೀಳಿಗೆಗೆ ಬದಲಾವಣೆಯನ್ನು ಜಾಸ್ತಿ ಮಾಡುತ್ತದೆ. ಯಾವ ಬದಲಾವಣೆ ಅಂತ ಆರಿಸುವುದಿಲ್ಲ, ಡಾರ್ವಿನ್ ಕ್ಷೇಮ. ಆದರೆ ಅರೆಬರೆ ಡೋಸ್ ಹೊಡೆಯುವುದು ಯಾಕೆ ಕೆಟ್ಟದ್ದು ಅಂತ ಇದರಿಂದಲೂ ಗೊತ್ತಾಗುತ್ತದೆ. ಸಾಯುವಷ್ಟು ಪೆಟ್ಟು ಬೀಳದೆ, ಗಾಬರಿಯಾಗುವಷ್ಟು ಪೆಟ್ಟು ಬಿದ್ದಿರುತ್ತದೆ.

ಅಣ್ಣಾರೆ, ನನ್ನ ಅಭಿಪ್ರಾಯ ಕೇಳಿದರೆ ಆ್ಯಂಟಿಬಯೋಟಿಕ್ ಹೊಡೆಯುವುದು ಬಿಡಿ. ರೋಗ ಬಂದ ಕಡ್ಡಿ ಕತ್ತರಿಸಿ ಸುಡುವುದು, ಕತ್ತರಿ ಪ್ರತಿ ಗಿಡಕ್ಕೂ ತೊಳೆಯುವುದು, ಮಳೆಗಾಲದ ಬೆಳೆ ಬಿಟ್ಟು ಹಸ್ತ ಬಹಾರ್ (ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಬಿಡಿಸುವ ಬೆಳೆ) ಹಿಡಿಯುವುದು ಇದಕ್ಕಿಂತ ಮೇಲು. ಮಳೆ ಹನಿ ಸಿಡಿದೇ ಈ ರೋಗ ಗಿಡದಿಂದ ಗಿಡಕ್ಕೆ ಹೋಗುವುದು.

ಅಂದಹಾಗೆ, ಈ ಕ್ಸಾಂತೊಮೊನಾಸ್ ಕುಲದ ಬ್ಯಾಕ್ಟೀರಿಯಾ ತನ್ನ ಸುತ್ತ ಮಾಡಿಕೊಳ್ಳುವ ಅಂಟಿನ ಹೆಸರು ಕ್ಸಾಂತನ್. ಒಣಗದ ಹಾಗೆ ಕಾಪಾಡುತ್ತದೆ. ಅದನ್ನೇ ಕಾರ್ಖಾನೆಯಲ್ಲಿ ಬೆಳೆಸಿ ಸಾಸ್, ಐಸ್‌ಕ್ರೀಮ್‌ಗೆ ಹಾಕುತ್ತಾರೆ.

ಕುಷ್ಟಗಿ_ದಾಳಿಂಬೆ

ಹಸ್ತ ಬಹಾರ್ ಹಿಡಿದರೆ ಬೇಸಿಗೆಗೆ ನೀರು ಬೇಕು ಮೇಡಂ. ನಮ್ಮ ಬೋರ್ ಫೆಬ್ರವರಿಗೆ ಕೈ ಎತ್ತುತ್ತದೆ. ಕಡ್ಡಿ ಸುಡುವುದು ಮಾಡುತ್ತೇನೆ. ತಾಮ್ರ ಮಾತ್ರ ಬಿಡಲು ಧೈರ್ಯ ಇಲ್ಲ. ಅದಕ್ಕೂ ಹೊಂದಿಕೊಳ್ಳುತ್ತದಾ?

ಸೂಕ್ಷ್ಮಜೀವಿ_ಅಕ್ಕ

ಹೊಂದಿಕೊಂಡ ತಳಿಗಳು ಜಗತ್ತಿನ ಹಲವು ಕಡೆ ಕ್ಸಾಂತೊಮೊನಾಸ್‌ನಲ್ಲೇ ಸಿಕ್ಕಿವೆ. ನೀರಿನ ಲೆಕ್ಕಕ್ಕೆ ನನ್ನಲ್ಲಿ ಉತ್ತರ ಇಲ್ಲ.

ತಾಮ್ರದ ವಿಷಯದಲ್ಲಿ ಬ್ಯಾಕ್ಟೀರಿಯಾದ ಮೂಗು ಬಹಳ ಚುರುಕು. ಇ. ಕೋಲಿಯಲ್ಲಿ ಸಿಯುಇಆರ್ ಅನ್ನುವ ಪ್ರೋಟೀನ್ ತಾಮ್ರವನ್ನು ಹಿಡಿದ ತಕ್ಷಣ, ಹೊರಗೆ ಹಾಕುವ ಪಂಪಿನ ಜೀನ್ ಶುರುವಾಗುತ್ತದೆ. 2003ರಲ್ಲಿ ಅಳೆದು ನೋಡಿದಾಗ ಗೊತ್ತಾಯಿತು: ಇಡೀ ಕೋಶದಲ್ಲಿ ಬಿಡಿಯಾಗಿ ಓಡಾಡುವ ತಾಮ್ರದ ಅಯಾನು ಒಂದಕ್ಕಿಂತ ಕಡಿಮೆ ಇರುವ ಮಟ್ಟಕ್ಕೇ ಅದು ಎಚ್ಚರವಾಗುತ್ತದೆ. ಒಂದೇ ಒಂದು ಬಿಡಿ ತಾಮ್ರವನ್ನೂ ಅದು ಸಹಿಸುವುದಿಲ್ಲ.

ಹೈಸ್ಕೂಲ್_ಮೇಷ್ಟ್ರು

ಒಂದು ನಿಮಿಷ ಮೇಡಂ. ಬಿಸಿಗೂ ಎಳೆತಕ್ಕೂ ಬೇರೆ ಅಳತೆಗಾರ ಇಲ್ಲ, ಕೆಟ್ಟದ್ದೇ ಸುದ್ದಿ ಕೊಡುತ್ತದೆ ಅಂದಿರಿ. ತಾಮ್ರಕ್ಕೆ ಮಾತ್ರ ಕೆಡುವ ಮೊದಲೇ ಹಿಡಿಯುವ ಪ್ರೋಟೀನ್ ಇದೆಯಲ್ಲ. ಯಾಕೆ ಈ ಭೇದ?

ಸೂಕ್ಷ್ಮಜೀವಿ_ಅಕ್ಕ

ಈ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್. ತಾಮ್ರ ಒಂದು ವಸ್ತು, ಅದಕ್ಕೆ ಆಕಾರ ಇದೆ, ಪ್ರೋಟೀನ್‌ನ ಸಂದಿಯಲ್ಲಿ ಹಿಡಿಯಬಹುದು. ಬಿಸಿಯನ್ನು ಎಲ್ಲಿ ಹಿಡಿಯುತ್ತೀರಿ? ಅದು ಕೋಶದ ಪ್ರತಿ ಅಣುವನ್ನೂ ಒಟ್ಟಿಗೆ ಅಲುಗಾಡಿಸುತ್ತದೆ. ಹಾಗಾಗಿ ಅಲುಗಾಟಕ್ಕೆ ಬೇಗ ಸಡಿಲಾಗುವ ಯಾವುದನ್ನಾದರೂ ಗುರುತಾಗಿ ಇಟ್ಟುಕೊಳ್ಳಬೇಕು. ಆಮ್ಲಜನಕದ ಕಾಟ ಎರಡರ ನಡುವೆ ಬರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬಂದರೆ ಆಕ್ಸಿಆರ್ ಅನ್ನುವ ಪ್ರೋಟೀನ್‌ನ ಸರಪಳಿಯಲ್ಲಿರುವ ಸಿಸ್ಟೀನ್ ಅನ್ನುವ ಎರಡು ಕೊಂಡಿಗಳು ತಾವೇ ಉತ್ಕರ್ಷಣೆಯಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪ್ರೋಟೀನ್‌ಗೆ ಆದ ಪೆಟ್ಟೇ ಅದನ್ನು ಎಬ್ಬಿಸುತ್ತದೆ. ನಿಮ್ಮೂರ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಗೂ ಹೀಗೇ. ಎಚ್‌ಎಸ್‌ಪಿ-33 ಅನ್ನುವ ಚಾಪರೋನ್ (ಡಿಎನ್‌ಎಕೆಯ ಹಾಗೆ ಬೇರೆ ಪ್ರೋಟೀನ್ ಕಾಯುವ ಪ್ರೋಟೀನ್) ಕ್ಲೋರಿನ್ ಏಟು ಬಿದ್ದಾಗ ಮಡಿಕೆ ಬಿಚ್ಚಿಕೊಂಡೇ ಕೆಲಸಕ್ಕೆ ಇಳಿಯುತ್ತದೆ. ಹೆದರಬೇಡಿ, ಸರಿಯಾದ ಪ್ರಮಾಣ ಹಾಕಿದರೆ ಕ್ಲೋರಿನ್ನೇ ಗೆಲ್ಲುತ್ತದೆ.

ಲಿಂಗಸುಗೂರು_ಬಿಎಸ್ಸಿ

ನಮಸ್ತೆ ಮೇಡಂ, ಕೊನೇ ವರ್ಷದ ಬಿಎಸ್ಸಿ. ಹಟ್ಟಿ ಚಿನ್ನದ ಅದಿರಿನಲ್ಲಿ ಆರ್ಸೆನಿಕ್ ಇರುವ ಖನಿಜ ಇದೆಯಲ್ಲ, ಅಲ್ಲಿನ ಮಣ್ಣಿನಿಂದ ಆರ್ಸೆನಿಕ್ ತಿನ್ನುವ ಬ್ಯಾಕ್ಟೀರಿಯಾ ಹುಡುಕಿ, ಬಾವಿ ನೀರು ಶುದ್ಧ ಮಾಡುವ ಪ್ರಾಜೆಕ್ಟ್ ಮಾಡಬಹುದಾ?

ಸೂಕ್ಷ್ಮಜೀವಿ_ಅಕ್ಕ

ಉತ್ಸಾಹ ಒಳ್ಳೆಯದು ತಮ್ಮಾ, ಯೋಜನೆ ಬೇಡ. ಬಹಳಷ್ಟು ಬ್ಯಾಕ್ಟೀರಿಯಾ ಆರ್ಸೆನಿಕ್ ತಿನ್ನುವುದಿಲ್ಲ, ಉಗುಳುತ್ತವೆ. ನೀರಿನಲ್ಲಿ ಆರ್ಸೆನಿಕ್‌ಗೆ ಆರ್ಸೆನೈಟ್, ಆರ್ಸೆನೇಟ್ ಅಂತ ಎರಡು ರೂಪ. ಆರ್ಸೆನೈಟ್ ಒಳಗೆ ಬಂದರೆ ಎಆರ್‌ಎಸ್‌ಆರ್ ಪ್ರೋಟೀನ್ ಅದನ್ನು ಹಿಡಿದು ಡಿಎನ್‌ಎ ಬಿಟ್ಟು ಏಳುತ್ತದೆ, ಪಂಪಿನ ಜೀನ್ ಶುರುವಾಗುತ್ತದೆ. ಆರ್ಸೆನೇಟ್ ಬಂದಿದ್ದರೆ ಅದನ್ನು ಮೊದಲು ಆರ್ಸೆನೈಟ್ ಮಾಡಿ ಆಮೇಲೆ ಹೊರಗೆ ತಳ್ಳುತ್ತದೆ. ಆರ್ಸೆನೈಟ್ ನಮಗೆ ಇನ್ನೂ ಜಾಸ್ತಿ ವಿಷ, ನೀರಿನಲ್ಲಿ ಇನ್ನೂ ಸಲೀಸಾಗಿ ಹರಿಯುತ್ತದೆ. ಬ್ಯಾಕ್ಟೀರಿಯಾ ಬದುಕಿತು, ಬಾವಿ ಹಾಳಾಯಿತು. ಆರ್ಸೆನೈಟನ್ನು ಆರ್ಸೆನೇಟ್ ಮಾಡುವ ಜಾತಿಗಳೂ ಇವೆ, ಅವು ಉಪಯೋಗಕ್ಕೆ ಬರುತ್ತವೆ. ಆದರೆ ಆ ವಿಷದ ಜೊತೆ ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲಿ ಆಟ ಆಡಬಾರದು.

ಅದರ ಬದಲು ತಾಮ್ರ ಹಿಡಿ. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ನಿಮ್ಮ ಲ್ಯಾಬ್‌ನಲ್ಲೇ ಇರುತ್ತದೆ. ವರ್ಷಗಟ್ಟಲೆ ಬೋರ್ಡೋ ಬಿದ್ದ ತೋಟದ ಮಣ್ಣು ಒಂದು, ಪಕ್ಕದಲ್ಲಿ ಏನೂ ಹೊಡೆಯದ ಹೊಲದ ಮಣ್ಣು ಒಂದು. ಎರಡನ್ನೂ ನೀರಲ್ಲಿ ಕಲಸಿ, ತೆಳು ಮಾಡಿ, ಬೇರೆ ಬೇರೆ ಪ್ರಮಾಣದ ಮೈಲುತುತ್ತ ಹಾಕಿದ ಅಗಾರ್ ತಟ್ಟೆಗಳ ಮೇಲೆ ಹರಡು. ಯಾವ ಪ್ರಮಾಣದವರೆಗೆ ಎಷ್ಟು ಕಾಲನಿ ಬರುತ್ತವೆ ಎಣಿಸು. ಆಮೇಲೆ ಅಸಲಿ ಪ್ರಶ್ನೆ ಬರುತ್ತದೆ. ಬೆಳೆದ ಕಾಲನಿಗಳನ್ನು ತಾಮ್ರ ಇಲ್ಲದ ತಟ್ಟೆಯಲ್ಲಿ ಹಲವು ಸಲ ದಾಟಿಸಿ, ಮತ್ತೆ ತಾಮ್ರಕ್ಕೆ ಹಾಕು. ಶಕ್ತಿ ಹಾಗೇ ಉಳಿದರೆ ಮೇಷ್ಟ್ರು ಹೇಳಿದ್ದು, ಜೀನ್‌ನಲ್ಲಿ ಇದೆ. ಹೋದರೆ ಪ್ಲಾಸ್ಮಿಡ್ ಉದುರಿರಬಹುದು, ಇಲ್ಲವೇ ಆ ಹೊತ್ತಿನ ಹೊಂದಾಣಿಕೆ ಇರಬಹುದು. ಯಾವುದು ಅಂತ ಹುಡುಕುವುದರಲ್ಲೇ ನಿನ್ನ ಪ್ರಾಜೆಕ್ಟ್ ಮುಗಿಯುತ್ತದೆ.

ಲಿಂಗಸುಗೂರು_ಬಿಎಸ್ಸಿ

ಬೋರ್ಡೋ ಬಿದ್ದ ತೋಟ ಎಲ್ಲಿ ಹುಡುಕಲಿ ಮೇಡಂ?

ಕುಷ್ಟಗಿ_ದಾಳಿಂಬೆ

ನಮ್ಮಲ್ಲಿಗೆ ಬಾ ತಮ್ಮಾ. ತೋಟದ ಬದುವಿನಾಚೆ ನಮ್ಮ ಅಣ್ಣನ ಸಜ್ಜೆ ಹೊಲ ಇದೆ, ಅಲ್ಲಿ ತಾಮ್ರ ಬಿದ್ದೇ ಇಲ್ಲ. ಇಬ್ಬನಿ ಆರಿದ ಮೇಲೆ ಬಾ, ಒದ್ದೆ ಗಿಡಕ್ಕೆ ಮೈ ತಾಗಿಸಿ ಓಡಾಡಿದರೆ ರೋಗ ಹರಡುತ್ತದೆ. ಬೇರೆ ದಾಳಿಂಬೆ ತೋಟಕ್ಕೆ ಹೋಗಿ ಬಂದಿದ್ದರೆ ಚಪ್ಪಲಿ ಗೇಟಿನ ಹತ್ತಿರವೇ ಬಿಡು. ಲೆಕ್ಕ ಏನು ಬಂತು ಅಂತ ನನಗೂ ಹೇಳಬೇಕು, ಮುಂದಿನ ಸಲ ತಾಮ್ರಕ್ಕೆ ದುಡ್ಡು ಹಾಕಬೇಕೋ ಬೇಡವೋ ನೋಡಬೇಕು.